ಎದುರು ಬರುವ ವಿಮಾನ ಗೊತ್ತಾಗುವುದು ಹೇಗೆ?

ಗಂಟೆಗೆ 900 ಕಿಲೋಮೀಟರ್ ವೇಗದ ಎರಡು ಜೆಟ್ ವಿಮಾನಗಳು ಎದುರುಬದುರಾಗಿ ಬಂದರೆ ಅವುಗಳ ನಡುವಿನ ಅಂತರ ಸೆಕೆಂಡಿಗೆ ಅರ್ಧ ಕಿಲೋಮೀಟರ್‌ನಂತೆ ಕರಗುತ್ತದೆ. ಆರು ಕಿಲೋಮೀಟರ್ ದೂರದಲ್ಲಿರುವಾಗ ಎದುರಿನ ವಿಮಾನ ಕಾಕ್‌ಪಿಟ್ ಗಾಜಿನಲ್ಲಿ ಬರೀ ಒಂದು ಚುಕ್ಕೆ. ಹನ್ನೆರಡು ಸೆಕೆಂಡ್ ಕಳೆಯುವಷ್ಟರಲ್ಲಿ ಅದು ಮೈಮೇಲೆ ಬಂದಿರುತ್ತದೆ. ಅಮೆರಿಕದ ವಿಮಾನಯಾನ ಆಡಳಿತವು ಪೈಲಟ್‌ಗಳಿಗೆಂದು ಹೊರಡಿಸಿರುವ ಸಲಹಾ ಪತ್ರವೊಂದರಲ್ಲಿ ಇಷ್ಟು ಅವಧಿಯಲ್ಲಿ ಮನುಷ್ಯ ಏನೇನು ಮಾಡಬಲ್ಲ ಎಂಬ ಲೆಕ್ಕವನ್ನು ಬಿಡಿಬಿಡಿಯಾಗಿ ಕೊಡಲಾಗಿದೆ. ವಸ್ತು ಕಣ್ಣಿಗೆ ಬೀಳಲು 0.1 ಸೆಕೆಂಡ್, ಅದು ವಿಮಾನವೆಂದು ಗುರುತು ಹತ್ತಲು 1, ಡಿಕ್ಕಿಯ ದಾರಿಯಲ್ಲಿದೆ ಎಂದು ಅರಿವಾಗಲು 5, ಎತ್ತ ತಿರುಗಬೇಕೆಂದು ತೀರ್ಮಾನಿಸಲು 4, ಕೈ ಆಡಲು 0.4, ವಿಮಾನ ಆ ಕೈಗೆ ಓಗೊಡಲು 2 ಸೆಕೆಂಡ್. ಎಲ್ಲ ಸೇರಿ 12.5.

ಅದಕ್ಕೂ ಮೊದಲು ಚುಕ್ಕೆ ಕಣ್ಣಿಗೆ ಬೀಳಬೇಕು. ಕಣ್ಣಿಗೆ ಅಲುಗಾಡುವ ವಸ್ತು ಬೇಗ ಸಿಗುತ್ತದೆ, ನಿಂತದ್ದು ಸಿಗುವುದಿಲ್ಲ. ಎರಡು ವಿಮಾನಗಳು ವೇಗವನ್ನಾಗಲಿ ದಿಕ್ಕನ್ನಾಗಲಿ ಬದಲಿಸದೆ ಒಂದೇ ಬಿಂದುವಿನತ್ತ ಸಾಗುತ್ತಿದ್ದರೆ ಒಂದರ ಗಾಜಿನಲ್ಲಿ ಇನ್ನೊಂದು ಕದಲುವುದೇ ಇಲ್ಲ. ಇದ್ದಲ್ಲೇ ಇದ್ದು, ಕೊನೆಯ ಕೆಲವು ಸೆಕೆಂಡುಗಳಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ಗಾಜಿನಲ್ಲಿ ಅಡ್ಡಡ್ಡ ಸರಿದುಹೋಗುವ ವಿಮಾನದಿಂದ ಭಯವಿಲ್ಲ. ಭಯವಿರುವುದು ಕದಲದ ಚುಕ್ಕೆಯಿಂದ, ಕಾಣಲು ಕಷ್ಟವಾದದ್ದೂ ಅದೇ. ಗಾಜಿನ ಚೌಕಟ್ಟಿನ ಕಂಬದ ಹಿಂದೆ ಅದು ಒಮ್ಮೆ ಮರೆಯಾಯಿತೆಂದರೆ ಕೊನೆಯವರೆಗೂ ಅಲ್ಲೇ ಮರೆಯಾಗಿರಲು ಸಾಧ್ಯ. ಅಮೆರಿಕದ ಎಂಐಟಿ ಲಿಂಕನ್ ಪ್ರಯೋಗಾಲಯ ಹಾರಾಟದಲ್ಲೇ ನಡೆಸಿದ ಪರೀಕ್ಷೆಗಳು ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟವು. ಎದುರಿನ ವಿಮಾನ ಯಾವ ಕಡೆ ಇದೆ ಎಂದು ಮೊದಲೇ ತಿಳಿದಿದ್ದ ಪೈಲಟ್‌ನ ಹುಡುಕಾಟ ಏನೂ ತಿಳಿಯದವನ ಹುಡುಕಾಟಕ್ಕಿಂತ ಸುಮಾರು ಎಂಟು ಪಟ್ಟು ಫಲಕಾರಿಯಾಗಿತ್ತು. ಕಳೆದ 70 ವರ್ಷಗಳಲ್ಲಿ ಡಿಕ್ಕಿ ತಪ್ಪಿಸಲು ರೂಪಿಸಿದ ಸಾಧನಗಳೆಲ್ಲ ಪೈಲಟ್‌ಗೆ ಆ ಮುನ್ಸೂಚನೆಯನ್ನು ಒದಗಿಸುವ ಪ್ರಯತ್ನಗಳೇ.

ಸಾಧನಗಳಿಲ್ಲದೆಯೂ ಆಕಾಶಕ್ಕೆ ಒಂದು ಶಿಸ್ತಿದೆ. ಪೂರ್ವದ ಕಡೆ ಹೋಗುವ ವಿಮಾನಗಳಿಗೆ 31,000, 33,000 ಅಡಿಗಳಂಥ ಬೆಸ ಎತ್ತರ, ಪಶ್ಚಿಮದ ಕಡೆಯವಕ್ಕೆ 32,000, 34,000ದಂಥ ಸಮ ಎತ್ತರ ಎಂಬುದು ಸಾಮಾನ್ಯ ಕ್ರಮ. 29,000 ಅಡಿಗಿಂತ ಮೇಲೆ ಎರಡು ಮಟ್ಟಗಳ ನಡುವೆ ಮೊದಲು 2,000 ಅಡಿ ಅಂತರವಿತ್ತು. ಎತ್ತರ ಅಳೆಯುವ ಉಪಕರಣಗಳು ಸುಧಾರಿಸಿದ ಮೇಲೆ ಅದು 1,000 ಅಡಿಗೆ ಇಳಿಯಿತು. ಭಾರತದಲ್ಲಿ ಈ ಬದಲಾವಣೆ ಬಂದದ್ದು 2003ರ ನವೆಂಬರ್‌ನಲ್ಲಿ. ಮಟ್ಟಸವಾಗಿ ಹಾರುವ ವಿಮಾನಗಳಿಗೆ ಈ ಶಿಸ್ತು ಸಾಕು. ಆದರೆ ಪ್ರತಿ ವಿಮಾನವೂ ಒಮ್ಮೆ ಏರಬೇಕು, ಒಮ್ಮೆ ಇಳಿಯಬೇಕು. ಆಗ ಅದು ಉಳಿದವರ ಮಟ್ಟಗಳನ್ನೆಲ್ಲ ಸೀಳಿಕೊಂಡು ಹೋಗುತ್ತದೆ.

ತಾನಿರುವ ಜಾಗವನ್ನು ತಾನೇ ಸಾರುವ ಪದ್ಧತಿಯ ಮೊದಲ ರೂಪ ಮನುಷ್ಯನ ದನಿ. ನಿಯಂತ್ರಣ ಗೋಪುರವಿಲ್ಲದ ಸಣ್ಣ ವಿಮಾನ ನಿಲ್ದಾಣಗಳ ಸುತ್ತ ಪೈಲಟ್‌ಗಳು ಇಂದಿಗೂ ರೇಡಿಯೊದಲ್ಲಿ ತಮ್ಮ ಗುರುತು, ಎತ್ತರ, ಯಾವ ರನ್‌ವೇ ಕಡೆ ಬರುತ್ತಿದ್ದೇವೆ ಎಂಬುದನ್ನು ಹೇಳುತ್ತಾ ಬರುತ್ತಾರೆ. ಆಫ್ರಿಕಾ ಖಂಡದ ಮೇಲೆ, ನೆಲದ ನಿಯಂತ್ರಕರ ಸಂಪರ್ಕ ದುರ್ಬಲವಾಗಿರುವ ಪ್ರದೇಶಗಳಲ್ಲಿ, ದೊಡ್ಡ ವಿಮಾನಗಳ ಪೈಲಟ್‌ಗಳೂ 126.9 ಮೆಗಾಹರ್ಟ್ಸ್ ತರಂಗದಲ್ಲಿ ಹೀಗೆ ತಮ್ಮ ದಾರಿ, ಎತ್ತರ, ಮುಂದಿನ ಬಿಂದುವನ್ನು ತಲುಪುವ ಸಮಯವನ್ನು ಸಾರುವ ರೂಢಿಯಿದೆ. ಕೇಳಿಸಿಕೊಂಡವರು ಮನಸ್ಸಿನಲ್ಲೇ ನಕ್ಷೆ ಬಿಡಿಸಿಕೊಂಡು ತಮ್ಮ ದಾರಿಗೆ ಅದು ಅಡ್ಡವೋ ಎಂದು ಲೆಕ್ಕ ಹಾಕಬೇಕು. ನಾಲ್ಕಾರು ವಿಮಾನಗಳಿದ್ದರೆ ನಡೆಯುತ್ತದೆ. ನಲವತ್ತು ಇದ್ದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದು ಏನೂ ತಿಳಿಯದಾಗುತ್ತದೆ.

ಕಣ್ಣು ಮತ್ತು ದನಿಯ ಮಿತಿ ಜಗತ್ತಿಗೆ ಗೊತ್ತಾದದ್ದು 1956ರ ಜೂನ್ 30ರಂದು. ಲಾಸ್ ಏಂಜಲೀಸ್‌ನಿಂದ ಕೆಲವೇ ನಿಮಿಷಗಳ ಅಂತರದಲ್ಲಿ ಹೊರಟ ಎರಡು ಪ್ರಯಾಣಿಕ ವಿಮಾನಗಳು, ಟಿಡಬ್ಲ್ಯುಎ ಸಂಸ್ಥೆಯ ಸೂಪರ್ ಕಾನ್‌ಸ್ಟಲೇಶನ್ ಮತ್ತು ಯುನೈಟೆಡ್ ಸಂಸ್ಥೆಯ ಡಿಸಿ-7, ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೇಲೆ 21,000 ಅಡಿ ಎತ್ತರದಲ್ಲಿ ಡಿಕ್ಕಿಯಾದವು. ಇದ್ದ 128 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಪ್ರದೇಶದ ಆಕಾಶದ ಮೇಲೆ ಯಾರ ನಿಯಂತ್ರಣವೂ ಇರಲಿಲ್ಲ. ಪೈಲಟ್‌ಗಳು ನೋಡಿಕೊಂಡು ತಪ್ಪಿಸಿಕೊಳ್ಳಬೇಕಿತ್ತು, ಅಷ್ಟೇ. ಎರಡು ವರ್ಷಗಳ ಬಳಿಕ ಅಮೆರಿಕ ವಿಮಾನಯಾನಕ್ಕೆ ಪ್ರತ್ಯೇಕ ಆಡಳಿತವನ್ನೇ ಸ್ಥಾಪಿಸಿತು, ರೇಡಾರ್ ಜಾಲಕ್ಕೆ ಹಣ ಸುರಿಯಿತು.

ರೇಡಾರ್ ಎರಡು ಬಗೆ. ಮೊದಲನೆಯದು ರೇಡಿಯೊ ಅಲೆಯನ್ನು ಎಸೆದು, ವಿಮಾನದ ಲೋಹದ ಮೈಗೆ ತಾಗಿ ಮರಳುವ ಪ್ರತಿಧ್ವನಿಯನ್ನು ಹಿಡಿಯುತ್ತದೆ. ಅಲ್ಲೊಂದು ವಸ್ತು ಇದೆ, ಇಷ್ಟು ದೂರದಲ್ಲಿದೆ ಎಂಬುದು ಗೊತ್ತಾಗುತ್ತದೆಯೇ ಹೊರತು ಅದು ಯಾವ ವಿಮಾನ, ಎಷ್ಟು ಎತ್ತರದಲ್ಲಿದೆ ಎಂಬುದು ಗೊತ್ತಾಗುವುದಿಲ್ಲ. ಎರಡನೆಯದಕ್ಕೆ ವಿಮಾನದ ಸಹಕಾರ ಬೇಕು. ನೆಲದ ಕೇಂದ್ರ 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಕೇಳುತ್ತದೆ. ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ ತಮ್ಮ ವಿಮಾನ ಯಾವುದು, ಶತ್ರುವಿನದು ಯಾವುದು ಎಂದು ತಿಳಿಯಲು ಹುಟ್ಟಿಕೊಂಡ ತಂತ್ರ ಇದು.

ಟ್ರಾನ್ಸ್‌ಪಾಂಡರ್‌ನ ಮೊದಲ ಉತ್ತರ ನಾಲ್ಕು ಅಂಕಿಯ ಸಂಕೇತ. ಸೊನ್ನೆಯಿಂದ ಏಳರವರೆಗಿನ ಅಂಕಿಗಳನ್ನು ಮಾತ್ರ ಬಳಸುವುದರಿಂದ 4,096 ಸಂಕೇತಗಳು ಸಾಧ್ಯ. ಅಪಹರಣಕ್ಕೆ 7500, ರೇಡಿಯೊ ಕೆಟ್ಟರೆ 7600, ತುರ್ತು ಪರಿಸ್ಥಿತಿಗೆ 7700 ಎಂಬುದು ಜಗತ್ತಿನಾದ್ಯಂತ ಒಂದೇ. ಮುಂದೆ ಎತ್ತರವನ್ನೂ ಹೇಳುವ ವ್ಯವಸ್ಥೆ ಬಂತು. ಅದರ ನಂತರದ ತಲೆಮಾರಾದ ಮೋಡ್ ಎಸ್‌ನಲ್ಲಿ ಪ್ರತಿ ವಿಮಾನಕ್ಕೂ 24 ಬಿಟ್‌ಗಳ ಶಾಶ್ವತ ವಿಳಾಸ ಸಿಕ್ಕಿತು. ಒಟ್ಟು ಸುಮಾರು 1.67 ಕೋಟಿ ವಿಳಾಸಗಳನ್ನು ದೇಶಗಳಿಗೆ ಹಂಚಲಾಗಿದೆ. ನಿರ್ದಿಷ್ಟ ವಿಮಾನವನ್ನೇ ಹೆಸರು ಹಿಡಿದು ಕೇಳಿ ಉತ್ತರ ಪಡೆಯುವುದು ಇದರಿಂದ ಸಾಧ್ಯವಾಯಿತು.

ಎತ್ತರದ ಈ ಒಂದು ಅಂಕಿಯ ಬೆಲೆ ಎಷ್ಟೆಂದು ಭಾರತಕ್ಕೆ ತಿಳಿದದ್ದು 1996ರ ನವೆಂಬರ್ 12ರ ಸಂಜೆ. ಸೌದಿ ಅರೇಬಿಯಾದ ಬೋಯಿಂಗ್ 747 ದೆಹಲಿಯಿಂದ ಹೊರಟು ಮೇಲೇರುತ್ತಿತ್ತು. ಕಜಕಸ್ತಾನದ ಇಲ್ಯೂಶಿನ್-76 ದೆಹಲಿಗೆ ಇಳಿಯಲು ಬರುತ್ತಿತ್ತು. ವಾಯುಪಡೆಗೆ ಮೀಸಲಾದ ಪ್ರದೇಶ ಬಿಟ್ಟು ಉಳಿದ ಕಿರಿದಾದ ದಾರಿಯಲ್ಲೇ ಬರುವ ಮತ್ತು ಹೋಗುವ ವಿಮಾನಗಳೆರಡೂ ಸಾಗಬೇಕಿತ್ತು. ಮೇಲೇರುವ ವಿಮಾನ 14,000 ಅಡಿಯಲ್ಲಿ ನಿಲ್ಲಬೇಕು, ಇಳಿಯುವ ವಿಮಾನ 15,000 ಅಡಿಯಲ್ಲಿ ನಿಲ್ಲಬೇಕು ಎಂದು ನಿಯಂತ್ರಕರು ಸೂಚಿಸಿದ್ದರು. ಎದುರಿನಿಂದ ಬೋಯಿಂಗ್ ಬರುತ್ತಿದೆ ಎಂದು ಕಜಕ್ ವಿಮಾನಕ್ಕೆ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಆದರೆ ಆ ವಿಮಾನ 15,000 ಅಡಿಯಲ್ಲಿ ನಿಲ್ಲದೆ ಇನ್ನೂ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿ ಬಳಿ ಎರಡೂ ಡಿಕ್ಕಿಯಾಗಿ 349 ಮಂದಿ ಸತ್ತರು. ಹಾರಾಟದ ನಡುವಿನ ಡಿಕ್ಕಿಗಳಲ್ಲಿ ಇದಕ್ಕಿಂತ ದೊಡ್ಡ ಸಾವುನೋವು ಇಂದಿಗೂ ಸಂಭವಿಸಿಲ್ಲ.

ನ್ಯಾಯಮೂರ್ತಿ ಆರ್.ಸಿ. ಲಹೋಟಿ ನೇತೃತ್ವದ ತನಿಖೆ ನಡೆಯಿತು. ಕಜಕ್ ವಿಮಾನದಲ್ಲಿ ನಿಯಂತ್ರಕರೊಂದಿಗೆ ಮಾತನಾಡುತ್ತಿದ್ದವನು ಪೈಲಟ್ ಅಲ್ಲ, ಹಿಂದೆ ಕುಳಿತ ರೇಡಿಯೊ ಸಿಬ್ಬಂದಿ. ಎತ್ತರ ತಿಳಿಯಬೇಕಾದರೆ ಅವನು ಪೈಲಟ್‌ಗಳ ಭುಜದ ಮೇಲಿಂದ ಇಣುಕಿ ನೋಡಬೇಕಿತ್ತು. ಇಂಗ್ಲಿಷ್ ಸೂಚನೆಗಳನ್ನು ಅರ್ಥ ಮಾಡಿಕೊಳ್ಳುವುದರಲ್ಲಿನ ತೊಡಕೂ ತನಿಖೆಯಲ್ಲಿ ಚರ್ಚೆಗೆ ಬಂತು. ಇನ್ನು ನೆಲದ ಮೇಲೆ, ದೆಹಲಿಯ ನಿಯಂತ್ರಕರ ಮುಂದಿದ್ದದ್ದು ಮೊದಲ ಬಗೆಯ ರೇಡಾರ್. ಎರಡು ಚುಕ್ಕೆಗಳು ಪರಸ್ಪರ ಸಮೀಪಿಸುವುದು ಕಾಣುತ್ತಿತ್ತು, ಅವುಗಳ ಎತ್ತರ ಕಾಣುತ್ತಿರಲಿಲ್ಲ. ಪೈಲಟ್‌ಗಳು ಬಾಯಲ್ಲಿ ಹೇಳಿದ ಎತ್ತರವನ್ನೇ ನಂಬಬೇಕಿತ್ತು. ಎರಡೂ ವಿಮಾನಗಳಲ್ಲಿ ಡಿಕ್ಕಿ ತಪ್ಪಿಸುವ ಉಪಕರಣ ಇರಲಿಲ್ಲ. ದುರಂತದ ಬಳಿಕ ದೆಹಲಿಯಲ್ಲಿ ಬರುವ ದಾರಿ, ಹೋಗುವ ದಾರಿ ಬೇರೆಯಾದವು, ಎತ್ತರ ತೋರಿಸುವ ರೇಡಾರ್ ಬಳಕೆಗೆ ಬಂತು. ಭಾರತದ ಆಕಾಶದಲ್ಲಿ ಹಾರುವ ದೊಡ್ಡ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು.

ಟಿಕ್ಯಾಸ್ ಎಂದು ಪೈಲಟ್‌ಗಳು ಕರೆಯುವ ಆ ಉಪಕರಣದ ಹಿಂದಿನ ಗಣಿತ 1950ರ ದಶಕದ್ದು. ಬೆಂಡಿಕ್ಸ್ ಕಂಪನಿಯ ಜಾನ್ ಮೊರೆಲ್ ಎಂಬ ವಿಜ್ಞಾನಿ, ಅಪಾಯವನ್ನು ದೂರದಿಂದ ಅಳೆಯಬಾರದು, ಸಮಯದಿಂದ ಅಳೆಯಬೇಕು ಎಂದು ತೋರಿಸಿಕೊಟ್ಟರು. ಇಬ್ಬರ ನಡುವಿನ ದೂರವನ್ನು ಆ ದೂರ ಕುಗ್ಗುತ್ತಿರುವ ವೇಗದಿಂದ ಭಾಗಿಸಿದರೆ ಇನ್ನೆಷ್ಟು ಸೆಕೆಂಡ್ ಉಳಿದಿದೆ ಎಂಬುದು ಸಿಗುತ್ತದೆ. ಹಿಂದೆ ಬರುವ ವಿಮಾನ ಐದು ಕಿಲೋಮೀಟರ್ ದೂರದಲ್ಲಿದ್ದರೂ ನಿಶ್ಚಿಂತೆಯಿಂದಿರಬಹುದು, ಎದುರಿನದಾದರೆ ಹತ್ತು ಸೆಕೆಂಡ್ ಮಾತ್ರ ಉಳಿದಿದೆ. ಆದರೂ ಈ ಲೆಕ್ಕ ಉಪಕರಣವಾಗಿ ವಿಮಾನವೇರಲು ಇನ್ನಷ್ಟು ಜೀವಗಳು ಹೋಗಬೇಕಾಯಿತು. 1978ರಲ್ಲಿ ಸ್ಯಾನ್ ಡಿಯೇಗೊದಲ್ಲಿ 144, 1986ರಲ್ಲಿ ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್‌ನಲ್ಲಿ 82 ಮಂದಿ ಸತ್ತರು. ಎರಡು ಕಡೆಯೂ ಜೆಟ್ ವಿಮಾನವೊಂದು ಮತ್ತು ಸಣ್ಣ ಖಾಸಗಿ ವಿಮಾನವೊಂದು ಡಿಕ್ಕಿಯಾಗಿದ್ದವು. ಸೆರಿಟೋಸ್‌ನ ಬಳಿಕ ಅಮೆರಿಕದ ಸಂಸತ್ತು ಕಾನೂನು ಮಾಡಿ, 30ಕ್ಕಿಂತ ಹೆಚ್ಚು ಆಸನಗಳ ವಿಮಾನಗಳಿಗೆ 1993ರ ಕೊನೆಯೊಳಗೆ ಟಿಕ್ಯಾಸ್ ಅಳವಡಿಸಲೇಬೇಕೆಂದಿತು.

ನೆಲದ ರೇಡಾರ್ ಮಾಡುವ ಕೆಲಸವನ್ನೇ ಟಿಕ್ಯಾಸ್ ವಿಮಾನದಲ್ಲಿ ಕುಳಿತು ಮಾಡುತ್ತದೆ. ಸುತ್ತಲಿನ ಟ್ರಾನ್ಸ್‌ಪಾಂಡರ್‌ಗಳನ್ನು ತಾನೇ ಪ್ರಶ್ನಿಸುತ್ತದೆ, ಉತ್ತರ ಬರಲು ಹಿಡಿದ ಸಮಯದಿಂದ ದೂರವನ್ನು ಅಳೆಯುತ್ತದೆ, ಉತ್ತರದಲ್ಲೇ ಇರುವ ಎತ್ತರವನ್ನು ಓದಿಕೊಳ್ಳುತ್ತದೆ. ಪೈಲಟ್‌ನ ಪರದೆಯ ಮೇಲೆ ಪ್ರತಿ ವಿಮಾನವೂ ಒಂದು ವಜ್ರಾಕೃತಿ. ಪಕ್ಕದಲ್ಲಿ ‘+03’ ಎಂದಿದ್ದರೆ ಅದು 300 ಅಡಿ ಮೇಲಿದೆ ಎಂದರ್ಥ, ಬಾಣದ ಗುರುತಿದ್ದರೆ ಏರುತ್ತಿದೆ ಅಥವಾ ಇಳಿಯುತ್ತಿದೆ ಎಂದರ್ಥ. ಅಪಾಯ ಸುಮಾರು 40 ಸೆಕೆಂಡ್ ದೂರವಿದ್ದಾಗ ಆಕೃತಿ ಹಳದಿ ವೃತ್ತವಾಗುತ್ತದೆ, ‘ಟ್ರಾಫಿಕ್, ಟ್ರಾಫಿಕ್’ ಎಂಬ ದನಿ ಕೇಳಿಸುತ್ತದೆ. ಇದು ಎಚ್ಚರಿಕೆ ಮಾತ್ರ. ಪೈಲಟ್ ಕಣ್ಣು ಹಾಯಿಸಬೇಕು, ಇನ್ನೇನೂ ಮಾಡಬಾರದು. 25 ಸೆಕೆಂಡ್ ಆಸುಪಾಸಿಗೆ ಬಂದಾಗ ವೃತ್ತ ಕೆಂಪು ಚೌಕವಾಗುತ್ತದೆ. ‘ಕ್ಲೈಂಬ್, ಕ್ಲೈಂಬ್’ ಅಥವಾ ‘ಡಿಸೆಂಡ್, ಡಿಸೆಂಡ್’ ಎಂಬ ಆಜ್ಞೆ ಬರುತ್ತದೆ. ಈ ಸೆಕೆಂಡುಗಳ ಲೆಕ್ಕ ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. ಆಜ್ಞೆ ಬಂದ ಐದು ಸೆಕೆಂಡಿನೊಳಗೆ ಪೈಲಟ್ ಆಟೊಪೈಲಟ್ ಬಿಡಿಸಿ, ಪರದೆಯ ಮೇಲಿನ ಹಸಿರು ಪಟ್ಟಿಯೊಳಕ್ಕೆ ವಿಮಾನವನ್ನು ಏರಿಸಬೇಕು ಇಲ್ಲವೇ ಇಳಿಸಬೇಕು. ಎಡಕ್ಕೆ ಬಲಕ್ಕೆ ತಿರುಗಿಸುವ ಆಜ್ಞೆಯನ್ನು ಟಿಕ್ಯಾಸ್ ಕೊಡುವುದಿಲ್ಲ. ಅದರ ಆಂಟೆನಾಗೆ ದೂರ ನಿಖರವಾಗಿ ಸಿಗುತ್ತದೆ, ದಿಕ್ಕು ಅಷ್ಟು ನಿಖರವಾಗಿ ಸಿಗುವುದಿಲ್ಲ.

ಎರಡೂ ವಿಮಾನಗಳಲ್ಲಿ ಟಿಕ್ಯಾಸ್ ಇದ್ದರೆ ಅವು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳುತ್ತವೆ. ಒಂದು ಏರುವುದೆಂದು ನಿಶ್ಚಯಿಸಿದರೆ ಇನ್ನೊಂದಕ್ಕೆ ಇಳಿಯುವ ಆಜ್ಞೆಯೇ ಹೋಗುತ್ತದೆ. ಈ ಒಪ್ಪಂದವನ್ನು ಮನುಷ್ಯ ಮುರಿದರೆ ಏನಾಗುತ್ತದೆ ಎಂಬುದು 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗೆನ್ ಮೇಲೆ ತಿಳಿಯಿತು. ಮಾಸ್ಕೋದಿಂದ ಬಾರ್ಸಿಲೋನಾಗೆ ಹೊರಟ ಟುಪೊಲೆವ್-154ರಲ್ಲಿ ಹೆಚ್ಚಿನವರು ರಜೆಗೆ ಹೋಗುತ್ತಿದ್ದ ರಷ್ಯಾದ ಶಾಲಾಮಕ್ಕಳು. ಅದು ಹಾರುತ್ತಿದ್ದ 36,000 ಅಡಿಯಲ್ಲೇ ಡಿಎಚ್‌ಎಲ್‌ನ ಸರಕು ವಿಮಾನ ಅಡ್ಡ ಬರುತ್ತಿತ್ತು. ಜ್ಯೂರಿಕ್‌ನ ನಿಯಂತ್ರಣ ಕೊಠಡಿಯಲ್ಲಿ ಆಗ ಎರಡು ಪರದೆಗಳನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ. ನೆಲದ ಎಚ್ಚರಿಕೆ ವ್ಯವಸ್ಥೆಯ ದುರಸ್ತಿ ನಡೆಯುತ್ತಿತ್ತು, ಫೋನ್ ಸಂಪರ್ಕವೂ ಕೈಕೊಟ್ಟಿತ್ತು. ಕೊನೆಯ ನಿಮಿಷದಲ್ಲಿ ಅಪಾಯ ಕಂಡ ಅವರು ಟುಪೊಲೆವ್‌ಗೆ ಇಳಿಯಲು ಹೇಳಿದರು. ಅದರ ಟಿಕ್ಯಾಸ್ ಏರಲು ಹೇಳಿತು. ಪೈಲಟ್‌ಗಳು ಮನುಷ್ಯನ ಮಾತು ಕೇಳಿದರು. ಡಿಎಚ್‌ಎಲ್ ಪೈಲಟ್‌ಗಳು ಟಿಕ್ಯಾಸ್ ಹೇಳಿದಂತೆ ಇಳಿದರು. ಇಬ್ಬರೂ ಇಳಿದು ಡಿಕ್ಕಿಯಾದರು. 71 ಮಂದಿ ಸತ್ತರು.

ಅದುವರೆಗೆ ಎರಡರಲ್ಲಿ ಯಾರ ಮಾತು ಮೇಲು ಎಂಬ ಬಗ್ಗೆ ನಿಯಮಗಳೇ ಅಸ್ಪಷ್ಟವಾಗಿದ್ದವು. ದುರಂತದ ನಂತರ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅದನ್ನು ಖಚಿತ ಮಾಡಿತು. ಟಿಕ್ಯಾಸ್ ಆಜ್ಞೆ ಬಂದ ಮೇಲೆ ನಿಯಂತ್ರಕರ ಸೂಚನೆ ಏನೇ ಇರಲಿ, ಪೈಲಟ್ ಆಜ್ಞೆಯನ್ನೇ ಪಾಲಿಸಬೇಕು. ಅಪಾಯ ತೀರಿದೆ ಎಂಬ ದನಿ ಕೇಳುವವರೆಗೆ ಆ ವಿಮಾನಕ್ಕೆ ಬೇರೆ ಸೂಚನೆ ಕೊಡುವಂತಿಲ್ಲ. ಎದುರಿನ ವಿಮಾನ ಆಜ್ಞೆ ಮೀರುತ್ತಿದೆ ಎಂದು ಕಂಡರೆ ತನ್ನ ಆಜ್ಞೆಯನ್ನು ತಿರುವುಮುರುವು ಮಾಡುವ ಸಾಮರ್ಥ್ಯವನ್ನೂ ಟಿಕ್ಯಾಸ್‌ನ ಹೊಸ ಆವೃತ್ತಿಯಲ್ಲಿ ಬಲಪಡಿಸಲಾಯಿತು.

ಟಿಕ್ಯಾಸ್ ತನ್ನ ಕೆಲಸ ಸರಿಯಾಗಿ ಮಾಡಿದಾಗ ಸುದ್ದಿ ಒಂದು ದಿನದಲ್ಲಿ ಮರೆತುಹೋಗುತ್ತದೆ. 2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲಿ ಕೊಯಮತ್ತೂರಿನಿಂದ ಹೈದರಾಬಾದಿಗೆ ಹೊರಟ ವಿಮಾನವೂ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ವಿಮಾನವೂ ಪರಸ್ಪರ ಸಮೀಪಿಸಿದವು. ಎತ್ತರದ ಅಂತರ ಸುಮಾರು 200 ಅಡಿಗೆ ಇಳಿದಿತ್ತೆಂದು ವರದಿಯಾಯಿತು. ಎರಡರಲ್ಲಿ ಸೇರಿ 300ಕ್ಕೂ ಹೆಚ್ಚು ಪ್ರಯಾಣಿಕರಿದ್ದರು. ಟಿಕ್ಯಾಸ್ ಆಜ್ಞೆ ಬಂತು, ಪೈಲಟ್‌ಗಳು ಪಾಲಿಸಿದರು, ಎರಡೂ ವಿಮಾನಗಳು ತಮ್ಮ ಊರು ಸೇರಿದವು. ಚರ್ಖಿ ದಾದ್ರಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದು ಪೆಟ್ಟಿಗೆ.

ಆದರೂ ಟಿಕ್ಯಾಸ್ ಕೊನೆಯ ಗಳಿಗೆಯ ಸಾಧನ. ಅಪಾಯ ಹತ್ತಿರ ಬಂದ ಮೇಲೆ ಅದು ಬಾಯಿ ತೆರೆಯುತ್ತದೆ. ದುಬಾರಿಯಾದ್ದರಿಂದ ಸಣ್ಣ ವಿಮಾನಗಳಲ್ಲಿ ಇರುವುದಿಲ್ಲ. ಪ್ರಶ್ನೆ ಕೇಳಿದರೆ ಮಾತ್ರ ಉತ್ತರ ಎಂಬ ಈ ಕ್ರಮವನ್ನೇ ಕೈಬಿಟ್ಟು, ಪ್ರತಿ ವಿಮಾನವೂ ಯಾರೂ ಕೇಳದಿದ್ದರೂ ತನ್ನ ವಿವರವನ್ನು ಸಾರುತ್ತಲೇ ಇರಲಿ ಎಂಬ ಆಲೋಚನೆಯಿಂದ ಹುಟ್ಟಿದ್ದು ಎಡಿಎಸ್-ಬಿ. ಚಾರ್ಮಾಡಿ ಘಾಟಿಯ ಕುರುಡು ತಿರುವಿನಲ್ಲಿ ಎದುರು ಯಾರಿದ್ದಾರೋ ಇಲ್ಲವೋ, ಬಸ್ ಚಾಲಕ ಹಾರ್ನ್ ಹೊಡೆದೇ ಮುಂದೆ ಹೋಗುವಂತೆಯೇ ಇದು. ಹಾರ್ನ್‌ನಿಂದ ಗೊತ್ತಾಗುವುದು ಯಾರೋ ಬರುತ್ತಿದ್ದಾರೆ ಎಂದಷ್ಟೇ. ಎಡಿಎಸ್-ಬಿ ಹೇಳುವುದು ಇನ್ನೂ ಬಹಳ.

ಅದರ ಒಂದು ಸಂದೇಶದಲ್ಲಿ 112 ಬಿಟ್‌ಗಳಿರುತ್ತವೆ. ಮೊದಲ ಐದು ಬಿಟ್‌ಗಳು ಇದು ಯಾವ ಬಗೆಯ ಸಂದೇಶ ಎನ್ನುತ್ತವೆ, ಮುಂದಿನ ಮೂರು ಟ್ರಾನ್ಸ್‌ಪಾಂಡರ್‌ನ ಸಾಮರ್ಥ್ಯವನ್ನು. ಆಮೇಲೆ ವಿಮಾನದ 24 ಬಿಟ್ ವಿಳಾಸ. ನಡುವಿನ 56 ಬಿಟ್‌ಗಳಲ್ಲಿ ನಿಜವಾದ ಸುದ್ದಿ: ಅಕ್ಷಾಂಶ, ರೇಖಾಂಶ, ಎತ್ತರ, ಅಥವಾ ವೇಗ ಮತ್ತು ದಿಕ್ಕು, ಅಥವಾ ವಿಮಾನದ ಕರೆಹೆಸರು. ಕೊನೆಯ 24 ಬಿಟ್‌ಗಳು ದಾರಿಯಲ್ಲಿ ಏನಾದರೂ ಕೆಟ್ಟಿದೆಯೇ ಎಂದು ಪರೀಕ್ಷಿಸಲು. ಇಷ್ಟೂ ಗಾಳಿಗೆ ಹೋಗಲು ಹಿಡಿಯುವ ಸಮಯ 120 ಮೈಕ್ರೊಸೆಕೆಂಡ್, ಅಂದರೆ ಒಂದು ಸೆಕೆಂಡಿನ ಎಂಟು ಸಾವಿರದಲ್ಲಿ ಒಂದು ಪಾಲಿಗಿಂತ ಸ್ವಲ್ಪವೇ ಕಡಿಮೆ. ಹಾರುವ ವಿಮಾನ ಸೆಕೆಂಡಿಗೆ ಎರಡು ಬಾರಿ ತನ್ನ ಸ್ಥಾನವನ್ನೂ ಎರಡು ಬಾರಿ ವೇಗವನ್ನೂ ಸಾರುತ್ತದೆ. ಕರೆಹೆಸರು ಐದು ಸೆಕೆಂಡಿಗೊಮ್ಮೆ. ನೂರಾರು ವಿಮಾನಗಳು ಒಂದೇ 1090 ಮೆಗಾಹರ್ಟ್ಸ್ ತರಂಗವನ್ನು ಹಂಚಿಕೊಂಡರೂ ಮಾತು ಮಾತಿನ ಮೇಲೆ ಬೀಳುವುದು ಕಡಿಮೆ. ಸಂದೇಶ ಅಷ್ಟು ಚಿಕ್ಕದು, ಹೊರಡುವ ಗಳಿಗೆಯೂ ಬೇಕೆಂದೇ ಸ್ವಲ್ಪ ಹಿಂದೆ ಮುಂದೆ ಆಗುವಂತೆ ಮಾಡಿರುತ್ತಾರೆ.

ರೇಡಾರ್‌ನ ಆಂಟೆನಾ ಒಂದು ಸುತ್ತು ಬರಲು ನಾಲ್ಕರಿಂದ ಹನ್ನೆರಡು ಸೆಕೆಂಡ್ ಬೇಕು. ಅಷ್ಟು ಹೊತ್ತು ಪರದೆಯ ಮೇಲಿನ ಸ್ಥಾನ ಹಳೆಯದೇ. ದೂರ ಹೋದಷ್ಟೂ ರೇಡಾರ್‌ನ ತಪ್ಪು ಹಿಗ್ಗುತ್ತದೆ. ಎಡಿಎಸ್-ಬಿಗೆ ಈ ಎರಡು ತೊಂದರೆಗಳಿಲ್ಲ, ಏಕೆಂದರೆ ಸ್ಥಾನವನ್ನು ಅಳೆಯುವುದು ನೆಲದ ಯಂತ್ರವಲ್ಲ, ಉಪಗ್ರಹಗಳ ನೆರವಿನಿಂದ ವಿಮಾನವೇ. ಭಾರತದಲ್ಲಿ ಈ ಸ್ಥಾನವನ್ನು ಇನ್ನಷ್ಟು ನಿಖರಗೊಳಿಸುವುದು ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆ. ದೇಶದ ಹಲವೆಡೆ ಇರುವ ಕೇಂದ್ರಗಳು ಜಿಪಿಎಸ್ ಸಂಕೇತದ ತಪ್ಪನ್ನು ಅಳೆಯುತ್ತವೆ. ಆ ಲೆಕ್ಕ ಬೆಂಗಳೂರಿನ ಕುಂದಲಹಳ್ಳಿಯಲ್ಲಿರುವ ಮುಖ್ಯ ಕೇಂದ್ರಕ್ಕೆ ಬಂದು, ತಿದ್ದುಪಡಿಯಾಗಿ ಉಪಗ್ರಹಕ್ಕೇರಿ, ಅಲ್ಲಿಂದ ವಿಮಾನಗಳಿಗೆ ಇಳಿಯುತ್ತದೆ.

ನೆಲದಲ್ಲಿ ಇದನ್ನು ಆಲಿಸಲು ಬೇಕಾದದ್ದು ಸಣ್ಣ ಆಂಟೆನಾ ಮತ್ತು ಒಂದು ರಿಸೀವರ್. ರೇಡಾರ್‌ನ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ. ಹಾಗಾಗಿಯೇ ವಿಶಾಲ ಮರುಭೂಮಿಯ ಆಸ್ಟ್ರೇಲಿಯಾ, ಹಿಮದ ಹಡ್ಸನ್ ಕೊಲ್ಲಿಯುಳ್ಳ ಕೆನಡಾ ಇದನ್ನು ಮೊದಲೇ ಅಪ್ಪಿಕೊಂಡವು. ಭಾರತದಲ್ಲೂ ಹಲವು ಕೇಂದ್ರಗಳಿವೆ. ಪೋರ್ಟ್ ಬ್ಲೇರ್‌ನದು ಬಂಗಾಳ ಕೊಲ್ಲಿಯ ಮೇಲಿನ ದಾರಿಗಳನ್ನು ನೋಡಿಕೊಳ್ಳುತ್ತದೆ. ನಡುಸಮುದ್ರದಲ್ಲಿ ಆಂಟೆನಾ ನೆಡಲಾಗದ ಕಡೆಗೆ ಉಪಗ್ರಹಗಳೇ ಕಿವಿಯಾದವು. 2019ರಿಂದ ಇರಿಡಿಯಂನ 66 ಉಪಗ್ರಹಗಳಲ್ಲಿರುವ ರಿಸೀವರ್‌ಗಳು ಈ ಸಂದೇಶಗಳನ್ನು ಬಾಹ್ಯಾಕಾಶದಿಂದಲೇ ಹಿಡಿಯುತ್ತಿವೆ. ಅಟ್ಲಾಂಟಿಕ್ ಮೇಲೆ ಒಂದರ ಹಿಂದೊಂದು ಸಾಗುವ ವಿಮಾನಗಳ ನಡುವಿನ ಅಂತರವನ್ನು ಕಡಿಮೆ ಮಾಡಲು ಸಾಧ್ಯವಾದದ್ದು ಇದರಿಂದ. ಫ್ಲೈಟ್‌ರೇಡಾರ್24ರಂಥ ಆ್ಯಪ್‌ಗಳಲ್ಲಿ ಮನೆಯಲ್ಲಿ ಕುಳಿತು ನೋಡುವ ಪುಟ್ಟ ಹಳದಿ ವಿಮಾನಗಳ ಮೂಲವೂ ಇದೇ ಸಂದೇಶಗಳು. ತಾರಸಿಯ ಮೇಲೆ ರಿಸೀವರ್ ಇಟ್ಟ ಸಾವಿರಾರು ಹವ್ಯಾಸಿಗಳು ಅವನ್ನು ಹಿಡಿದು ಕಳಿಸುತ್ತಾರೆ.

ನೆಲದವರಿಗೆ ಇಷ್ಟು ಅನುಕೂಲ. ಪೈಲಟ್‌ಗೆ ಏನು ಲಾಭ ಎಂಬುದನ್ನು ಮೊದಲು ತೋರಿಸಿದ್ದು ಅಲಾಸ್ಕ. ರಸ್ತೆಗಳೇ ವಿರಳವಾದ ಅಮೆರಿಕದ ಆ ರಾಜ್ಯದಲ್ಲಿ ಊರಿಂದೂರಿಗೆ ಹೋಗಲು ಸಣ್ಣ ವಿಮಾನವೇ ಗತಿ. ಬೆಟ್ಟಗಳ ನಡುವೆ ರೇಡಾರ್ ಎಟಕುವುದಿಲ್ಲ. 1999ರಲ್ಲಿ ಬೆಥೆಲ್ ಊರಿನ ಸುತ್ತ ಆರಂಭವಾದ ಕ್ಯಾಪ್‌ಸ್ಟೋನ್ ಯೋಜನೆಯಡಿ ಅಲ್ಲಿನ ಸಣ್ಣ ವಿಮಾನಗಳಿಗೆ ಎಡಿಎಸ್-ಬಿಯನ್ನೂ ಅಕ್ಕಪಕ್ಕದ ವಿಮಾನಗಳು, ನೆಲದ ಏರಿಳಿತ, ಹವಾಮಾನ ತೋರಿಸುವ ಪರದೆಯನ್ನೂ ಅಳವಡಿಸಿದರು. ಅವು ಇದ್ದ ವಿಮಾನಗಳ ಅಪಘಾತದ ಪ್ರಮಾಣ ಗಮನಾರ್ಹವಾಗಿ ಇಳಿಯಿತು. ಪೈಲಟ್‌ಗೆ ಎದುರಿನ ವಿಮಾನ ಗುಡ್ಡದ ಆಚೆ ಇರುವಾಗಲೇ, ನಿಮಿಷಗಟ್ಟಲೆ ಮೊದಲು, ಪರದೆಯ ಮೇಲೆ ಕಂಡರೆ ದಾರಿಯನ್ನು ಒಂದಿಷ್ಟು ಬದಲಿಸಿದರೆ ಸಾಕು. ‘ಕ್ಲೈಂಬ್, ಕ್ಲೈಂಬ್’ ಎನ್ನುವ ಹಂತವೇ ಬರುವುದಿಲ್ಲ.

ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ಸಾರುವ ಭಾಗಕ್ಕೆ ಎಡಿಎಸ್-ಬಿ ಔಟ್ ಎನ್ನುತ್ತಾರೆ, ಇತರರು ಸಾರಿದ್ದನ್ನು ಆಲಿಸಿ ಪರದೆಯ ಮೇಲೆ ತೋರಿಸುವ ಭಾಗಕ್ಕೆ ಎಡಿಎಸ್-ಬಿ ಇನ್. ಎರಡೂ ಒಂದೇ ವಿಮಾನದಲ್ಲಿ ಇರಲೇಬೇಕೆಂದಿಲ್ಲ. ಅಮೆರಿಕ 2020ರ ಜನವರಿ 1ರಿಂದ ತನ್ನ ಬಹುಪಾಲು ನಿಯಂತ್ರಿತ ಆಕಾಶದಲ್ಲಿ ಔಟ್ ಅನ್ನು ಕಡ್ಡಾಯ ಮಾಡಿತು. ಇನ್ ಅನ್ನು ಮಾಡಲಿಲ್ಲ.

ವ್ಯವಸ್ಥೆಗೆ ತನ್ನದೇ ದೌರ್ಬಲ್ಯಗಳಿವೆ. ಸಂದೇಶಕ್ಕೆ ಬೀಗವೂ ಇಲ್ಲ, ಸಹಿಯೂ ಇಲ್ಲ. ತಿಳಿದವನು ಇಲ್ಲದ ವಿಮಾನವನ್ನು ಇದೆ ಎಂದು ಸಾರಬಲ್ಲ. ಜಿಪಿಎಸ್ ಕೆಟ್ಟರೆ ವಿಮಾನ ತಪ್ಪು ಸ್ಥಾನವನ್ನೇ ಸಾರುತ್ತದೆ. ಯುದ್ಧ ನಡೆಯುತ್ತಿರುವ ಪ್ರದೇಶಗಳ ಸುತ್ತ ಸುಳ್ಳು ಜಿಪಿಎಸ್ ಸಂಕೇತಗಳ ಹಾವಳಿ ಈಚೆಗೆ ಹೆಚ್ಚಾಗಿದೆ. ಭಾರತದ ಗಡಿಭಾಗದಲ್ಲಿ, ಅಮೃತಸರ ಮತ್ತು ಜಮ್ಮುವಿನ ಆಸುಪಾಸು, ಇಂಥ ನೂರಾರು ಪ್ರಕರಣಗಳನ್ನು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಟಿಕ್ಯಾಸ್ ದೂರವನ್ನು ತಾನೇ ಅಳೆಯುವುದರಿಂದ ಈ ಮೋಸಕ್ಕೆ ಸಿಲುಕುವುದಿಲ್ಲ. ಎಡಿಎಸ್-ಬಿ ಬಂದ ಮೇಲೂ ಅದನ್ನು ತೆಗೆಯದಿರಲು ಇದೂ ಕಾರಣ. ಎಸಿಎಎಸ್ ಎಕ್ಸ್ ಎಂಬ ಮುಂದಿನ ತಲೆಮಾರಿನ ಉಪಕರಣವೂ ಎಡಿಎಸ್-ಬಿಯ ಮಾಹಿತಿಯನ್ನು ಬಳಸಿಕೊಳ್ಳುತ್ತದೆ, ಆದರೆ ತಾನೇ ಕೇಳಿ ತಾಳೆ ನೋಡುತ್ತದೆ.

ಇದಕ್ಕಿಂತ ದೊಡ್ಡ ದೌರ್ಬಲ್ಯ ಮೌನ. 2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್‌ನ ಅಮೆಜಾನ್ ಕಾಡಿನ ಮೇಲೆ 37,000 ಅಡಿಯಲ್ಲಿ ಗೋಲ್ ಸಂಸ್ಥೆಯ ಬೋಯಿಂಗ್ 737ಕ್ಕೆ ಸಣ್ಣ ಬಿಸಿನೆಸ್ ಜೆಟ್‌ ತಾಗಿತು. ಎರಡೂ ಹೊಸ ವಿಮಾನಗಳು, ಎರಡರಲ್ಲೂ ಟಿಕ್ಯಾಸ್ ಇತ್ತು. ಸಣ್ಣ ಜೆಟ್‌ನ ಟ್ರಾನ್ಸ್‌ಪಾಂಡರ್ ಕೆಲಸ ಮಾಡುತ್ತಿರಲಿಲ್ಲ. ಅದು ಪೈಲಟ್‌ಗಳ ಗಮನಕ್ಕೆ ಬಂದಿರಲಿಲ್ಲ. ಬೋಯಿಂಗ್‌ನ ಟಿಕ್ಯಾಸ್ ಪಾಲಿಗೆ ಎದುರಿನ ವಿಮಾನ ಇರಲೇ ಇಲ್ಲ. 154 ಮಂದಿ ಸತ್ತರು. ರೆಕ್ಕೆಯ ತುದಿ ಮುರಿದ ಸಣ್ಣ ಜೆಟ್ ಮಾತ್ರ ವಾಯುಪಡೆಯ ನೆಲೆಯೊಂದರಲ್ಲಿ ಕ್ಷೇಮವಾಗಿ ಇಳಿಯಿತು.

2019ರ ಮೇ 13ರಂದು ಅದೇ ಅಲಾಸ್ಕದ ಕೆಚಿಕನ್ ಬಳಿ ಪ್ರವಾಸಿಗರನ್ನು ಹೊತ್ತ ಎರಡು ತೇಲುವಿಮಾನಗಳು ಡಿಕ್ಕಿಯಾಗಿ ಆರು ಮಂದಿ ಸತ್ತರು. ಎರಡರಲ್ಲೂ ಎಡಿಎಸ್-ಬಿ ಇತ್ತು. ಒಂದರ ನಿಯಂತ್ರಣ ಫಲಕ ಆಫ್ ಆಗಿದ್ದರಿಂದ ಅದು ಸ್ಥಾನ ಸಾರುತ್ತಿತ್ತೇ ಹೊರತು ವಾಯುಭಾರದಿಂದ ಅಳೆದ ಎತ್ತರವನ್ನು ಸಾರುತ್ತಿರಲಿಲ್ಲ. ಎತ್ತರ ತಿಳಿಯದೆ ಇನ್ನೊಂದರ ಉಪಕರಣ ಅಪಾಯವನ್ನು ಲೆಕ್ಕ ಹಾಕಲಾರದೆ ಸುಮ್ಮನಿತ್ತು. ಕ್ಯಾಪ್‌ಸ್ಟೋನ್ ಕಾಲದ ಉಪಕರಣದಲ್ಲಿ ಪೈಲಟ್‌ಗೆ ದನಿಯಲ್ಲಿ ಎಚ್ಚರಿಕೆ ಸಿಗುತ್ತಿತ್ತು. ಹೊಸದಕ್ಕೆ ಬದಲಾಯಿಸಿದಾಗ ಆ ಅನುಕೂಲ ಹೋಗಿತ್ತು. ಪರದೆಯನ್ನು ನೋಡದಿದ್ದರೆ ಏನೂ ತಿಳಿಯದು, ಪೈಲಟ್‌ನ ಕಣ್ಣು ಇರಬೇಕಾದದ್ದು ಹೊರಗೆ. ಮುನ್ಸೂಚನೆ ಕಿವಿಗೆ ಬೀಳಬೇಕು ಎಂಬುದು ತನಿಖೆಯ ಮುಖ್ಯ ಪಾಠಗಳಲ್ಲೊಂದು.

2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನ ರೇಗನ್ ವಿಮಾನ ನಿಲ್ದಾಣಕ್ಕೆ ಇಳಿಯುತ್ತಿದ್ದ ಪ್ರಯಾಣಿಕ ಜೆಟ್ ಮತ್ತು ಅಮೆರಿಕ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಪೊಟೊಮ್ಯಾಕ್ ನದಿಯ ಮೇಲೆ ಸುಮಾರು 300 ಅಡಿ ಎತ್ತರದಲ್ಲಿ ಡಿಕ್ಕಿಯಾದವು. 67 ಮಂದಿ ಸತ್ತರು. ಜೆಟ್‌ನ ಟಿಕ್ಯಾಸ್ ಸುಮಾರು 20 ಸೆಕೆಂಡ್ ಮೊದಲು ‘ಟ್ರಾಫಿಕ್, ಟ್ರಾಫಿಕ್’ ಎಂದಿತ್ತು. ಅದರ ಮುಂದಿನ ಆಜ್ಞೆ ಬರುವಂತಿರಲಿಲ್ಲ: ನೆಲಕ್ಕೆ ಸುಮಾರು 1,000 ಅಡಿಗಿಂತ ಹತ್ತಿರವಿದ್ದಾಗ ಏರು, ಇಳಿ ಎಂಬ ಆಜ್ಞೆಗಳು ತಾವಾಗಿಯೇ ನಿಂತಿರುತ್ತವೆ, ಇಲ್ಲದಿದ್ದರೆ ವಿಮಾನವನ್ನು ನೆಲಕ್ಕೇ ಇಳಿಸಿಬಿಡಬಹುದು. ಹೆಲಿಕಾಪ್ಟರ್ ಎಡಿಎಸ್-ಬಿಯಲ್ಲಿ ಏನನ್ನೂ ಸಾರುತ್ತಿರಲಿಲ್ಲ. ಸೇನೆಯ ಕೆಲವು ಬಗೆಯ ಹಾರಾಟಗಳಿಗೆ ಹಾಗೆ ಮೌನವಾಗಿರಲು ನಿಯಮದಲ್ಲೇ ವಿನಾಯಿತಿ ಇತ್ತು. ಜೆಟ್‌ನಲ್ಲಿ ಎಡಿಎಸ್-ಬಿ ಇನ್ ಇರಲಿಲ್ಲ.

ಇನ್ ಅನ್ನೂ ಕಡ್ಡಾಯ ಮಾಡಬೇಕೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಅದಕ್ಕೂ ಮುನ್ನ ಹಲವು ಬಾರಿ ಶಿಫಾರಸು ಮಾಡಿತ್ತು. ಖರ್ಚಿನ ನೆಪ ಹೇಳಿ ಅದನ್ನು ಬದಿಗಿಟ್ಟದ್ದಕ್ಕೆ ಸಮರ್ಥನೆ ಸಿಗುವುದು ಕಷ್ಟ. ಅದೇ ದೇಶದಲ್ಲಿ ಎರಡು ಆಸನದ ವಿಮಾನ ಹಾರಿಸುವ ಹವ್ಯಾಸಿ ಪೈಲಟ್, ಕೆಲವು ನೂರು ಡಾಲರಿನ ರಿಸೀವರ್ ಕೊಂಡು ಟ್ಯಾಬ್ಲೆಟ್‌ಗೆ ಜೋಡಿಸಿ, ತನ್ನ ಸುತ್ತ ಎಡಿಎಸ್-ಬಿಯಲ್ಲಿ ಸಾರುತ್ತಿರುವ ವಿಮಾನಗಳನ್ನೆಲ್ಲ ನೋಡಿಕೊಂಡು ಹಾರುತ್ತಾನೆ.